ಪಿರಮಿಡ್ಡಿನ ಹಿಂದೆ ಕೂತವರನ್ನು ಹಿಡಿಯಿರಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಆನ್‌ಲೈನ್ ಸ್ಲಾಟ್ ಆಟದಲ್ಲಿ ಹಣ ಕಳೆದುಕೊಂಡವರ ದೂರನ್ನು ಠಾಣೆಗಳಲ್ಲಿ ಸ್ವೀಕರಿಸುವ ಕುರಿತು

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಜೂಜು ಕೆಟ್ಟದ್ದು ಎಂದು ತಮಗೆ ತಿಳಿಹೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ಹೇಳುವವರು ಊರಿಗೊಬ್ಬರಿದ್ದಾರೆ. ನನ್ನ ದೂರು ಇಷ್ಟೇ: ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳ ಬಗ್ಗೆ ಸಂಸತ್ತು ಮಾಡಿದ ಕಾನೂನು ಆಡಿ ಸೋತವನನ್ನು ಅಪರಾಧಿ ಎಂದು ಕರೆಯುವುದಿಲ್ಲ. ಆದರೆ ನಮ್ಮ ಕಡೆಯ ಠಾಣೆಗೆ ದೂರು ಕೊಡಲು ಹೋದವನು ಅಪರಾಧಿಯ ಮುಖ ಹೊತ್ತು ವಾಪಸ್ ಬರುತ್ತಾನೆ, ಮತ್ತೆ ಬಾಯಿ ಬಿಡುವುದಿಲ್ಲ. ಅವನು ಬಾಯಿ ಮುಚ್ಚಿಕೊಂಡಿರುವಷ್ಟು ದಿನ ಹಣ ನುಂಗಿದವರಿಗೆ ಯಾವ ಭಯವೂ ಇಲ್ಲ.

ಯಾವ ಆಟದ ಬಗ್ಗೆ ಹೇಳುತ್ತಿದ್ದೇನೆ ಎಂಬುದನ್ನು ಮೊದಲು ಹೇಳಬೇಕು. ಮೆಕ್ಸಿಕೋದ ಪ್ರಾಚೀನ ಆಜ್ಟೆಕ್ ಜನರ ಹೆಸರಿನಲ್ಲಿ ಬರುವ ಸ್ಲಾಟ್ ಆಟ ಅದು. ಒಂದಲ್ಲ, ಇಂಥವು ಹತ್ತಾರಿವೆ, ಎಲ್ಲದರ ರೂಪವೂ ಹೆಚ್ಚುಕಡಿಮೆ ಒಂದೇ. ಹಿಂದೆ ದಟ್ಟ ಕಾಡು, ನಡುವೆ ಮೆಟ್ಟಿಲುಮೆಟ್ಟಿಲಾದ ಪಿರಮಿಡ್ಡು, ಎರಡೂ ಬದಿ ಉರಿಯುವ ಪಂಜು. ಮುಂದೆ ಐದು ಕಂಬ, ಅವುಗಳಲ್ಲಿ ಚಿನ್ನದ ಮುಖವಾಡ, ಗರಿಯ ಕಿರೀಟ, ಜಾಗ್ವಾರ್, ಹದ್ದು, ಹಾವು. ಬಟನ್ ಒತ್ತಿದರೆ ಡೋಲು ಬಡಿಯುತ್ತದೆ, ಕಂಬಗಳು ತಿರುಗಿ ನಿಲ್ಲುತ್ತವೆ. ಒಂದೇ ಚಿತ್ರ ಸಾಲಾಗಿ ಬಿದ್ದರೆ ಹಣ. ದುಂಡನೆಯ ಸೂರ್ಯಶಿಲೆ ಮೂರು ಕಡೆ ಕಾಣಿಸಿಕೊಂಡರೆ ಫ್ರೀ ಸ್ಪಿನ್, ಅಂದರೆ ಹಣ ಕಟ್ಟದೆ ಕಂಬ ತಿರುಗಿಸುವ ಅವಕಾಶ.

ಚಿತ್ರ ಬರೆದವರಿಗೆ ಮೆಕ್ಸಿಕೋದ ಚರಿತ್ರೆಯ ಗೊಡವೆ ಇದ್ದಂತಿಲ್ಲ. ಪಿರಮಿಡ್ಡು ಬಹಳ ಸಲ ಯುಕಟಾನ್‌ನ ಚಿಚೆನ್ ಇಟ್ಜಾದ್ದಿರುತ್ತದೆ, ಅದು ಮಾಯಾ ಜನರದ್ದು. ಆಜ್ಟೆಕರ ರಾಜಧಾನಿ ಟೆನೊಚ್‌ಟಿಟ್ಲಾನ್ ಇದ್ದದ್ದು ಅಲ್ಲಿಂದ ಬಹು ದೂರ, ಸರೋವರದ ನಡುವಿನ ದ್ವೀಪದಲ್ಲಿ. ಈಗಿನ ಮೆಕ್ಸಿಕೋ ಸಿಟಿ ಎದ್ದಿರುವುದು ಅದರ ಮೇಲೆಯೇ. ಫ್ರೀ ಸ್ಪಿನ್ ಕೊಡುವ ಆ ಸೂರ್ಯಶಿಲೆ ನಿಜಕ್ಕೂ ಮೂರೂವರೆ ಮೀಟರಿಗೂ ಹೆಚ್ಚು ಅಗಲದ, ಸುಮಾರು 24 ಟನ್ ತೂಕದ ಕೆತ್ತನೆಯ ಬಂಡೆ. 1790ರ ಡಿಸೆಂಬರಿನಲ್ಲಿ ಆ ನಗರದ ಮುಖ್ಯ ಚೌಕದ ನೆಲದಡಿ ಸಿಕ್ಕಿತು, ಈಗ ಅಲ್ಲಿನ ಮಾನವಶಾಸ್ತ್ರ ಮ್ಯೂಸಿಯಮ್ಮಿನಲ್ಲಿದೆ. ಇನ್ನು ಪರದೆಯ ತುಂಬ ಉಕ್ಕುವ ಚಿನ್ನ! 1521ರಲ್ಲಿ ಆ ನಗರ ಸ್ಪೇನಿನವರ ಕೈಗೆ ಬಿದ್ದಿತು. ಕೈಗೆ ಸಿಕ್ಕ ಚಿನ್ನದ ಆಭರಣ, ವಿಗ್ರಹಗಳಲ್ಲಿ ಬಹುಪಾಲನ್ನು ಅವರು ಕರಗಿಸಿ ಗಟ್ಟಿ ಮಾಡಿಕೊಂಡರು. ಆಜ್ಟೆಕರ ನಾವಾಟಲ್ ಭಾಷೆ ಆಡುವ ಹದಿನಾರು ಲಕ್ಷಕ್ಕೂ ಹೆಚ್ಚು ಜನ ಇವತ್ತೂ ಮೆಕ್ಸಿಕೋದಲ್ಲಿದ್ದಾರೆ. ತಮ್ಮ ಹಿರಿಯರ ದೇವರುಗಳನ್ನು ಹೀಗೆ ಗಿರಗಿರ ತಿರುಗಿಸುವುದರ ಬಗ್ಗೆ ಮಾತಾಡುವ ಹಕ್ಕು ಅವರದ್ದು. ಇದೇ ಉದ್ಯಮ ನಮ್ಮ ಗಣಪತಿಯನ್ನೂ ಬಿಟ್ಟಿಲ್ಲ ಎಂಬುದು ತಮ್ಮ ಗಮನಕ್ಕಿರಲಿ. ಆದರೂ ನನ್ನ ತಕರಾರು ಚಿತ್ರದ್ದಲ್ಲ, ಚಿತ್ರದ ಹಿಂದಿನ ಲೆಕ್ಕದ್ದು.

ಆಜ್ಟೆಕರಿಗೂ ಜೂಜಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಇದಕ್ಕೂ ನನ್ನ ಮಾತಿಗೂ ಸಂಬಂಧವಿದೆ. ಪಟೋಲ್ಲಿ ಎಂದು ಅದರ ಹೆಸರು. ನಮ್ಮ ಪಗಡೆ ಹಾಸಿನಂತೆ ನಾಲ್ಕು ಕೈಯ ಪಟವನ್ನು ಚಾಪೆಯ ಮೇಲೆ ಬರೆಯುತ್ತಿದ್ದರು, ಗುರುತು ಕೊರೆದ ಬೀನ್ಸ್ ಕಾಳುಗಳನ್ನು ದಾಳದಂತೆ ಎಸೆದು ಕಾಯಿ ನಡೆಸುತ್ತಿದ್ದರು. ಎರಡೂ ಆಟಗಳ ಈ ಹೋಲಿಕೆಯ ಬಗ್ಗೆ ಎಡ್ವರ್ಡ್ ಟೈಲರ್ ಎಂಬ ಮಾನವಶಾಸ್ತ್ರಜ್ಞ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿದ್ದ. ಜೂಜಿಗೊಬ್ಬ ದೇವರೂ ಇದ್ದ, ಮಕುಯಿಲ್‌ಶೋಚಿಟ್ಲ್ ಎಂದು. ಸೋತು ಸೋತು ಕೊನೆಗೆ ತಮ್ಮನ್ನೇ ಪಣವಿಟ್ಟು ಗುಲಾಮರಾದವರ ಬಗ್ಗೆ ಡಿಯೆಗೊ ಡುರಾನ್ ಎಂಬ ಪಾದ್ರಿ ಬರೆದಿಟ್ಟಿದ್ದಾನೆ. ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಅದೇನೂ ಹೊಸದಲ್ಲ.

ಇನ್ನೊಂದು ಪ್ರಸಂಗ ಬೆರ್ನಾಲ್ ಡಿಯಾಸ್ ಎಂಬ ಸ್ಪೇನಿನ ಸೈನಿಕ ಬರೆದದ್ದು. ದೊರೆ ಮೊಕ್ಟೆಸುಮಾ ಸ್ಪೇನಿನವರ ಸೆರೆಯಲ್ಲಿದ್ದಾಗ ಅವನೂ ದಂಡನಾಯಕ ಕೊರ್ಟೆಸನೂ ಚಿನ್ನದ ಗುಂಡುಗಳನ್ನು ಎಸೆಯುವ ಒಂದು ಆಟ ಆಡುತ್ತಿದ್ದರಂತೆ. ಕೊರ್ಟೆಸನ ಕಡೆ ಅಂಕ ಬರೆಯುತ್ತಿದ್ದವನು ಅಲ್ವರಾಡೊ. ಅವನು ಪ್ರತಿ ಸಲ ಒಂದು ಅಂಕ ಜಾಸ್ತಿಯೇ ಬರೆಯುತ್ತಿದ್ದ. ಮೊಕ್ಟೆಸುಮಾ ಅದನ್ನು ಕಂಡುಹಿಡಿದು ನಗುತ್ತಲೇ ಹೇಳಿಬಿಟ್ಟ. ಗುಂಡು ಕಣ್ಣೆದುರು ಬೀಳುತ್ತಿತ್ತು, ಅಂಕ ಕಣ್ಣೆದುರು ಬರೆಯುತ್ತಿದ್ದರು, ಹಾಗಾಗಿ ಸೆರೆಯಾಳಿಗೂ ಮೋಸ ಕಂಡಿತು. ನಮ್ಮ ಹುಡುಗರು ಆಡುವ ಆಟದಲ್ಲಿ ಅಂಕ ಬರೆಯುವವನು ಯಾವುದೋ ದೇಶದ ಸರ್ವರಿನಲ್ಲಿದ್ದಾನೆ. ಕಂಬಗಳು ತಿರುಗುವುದು ಬರೀ ತೋರಿಕೆ. ಬಟನ್ ಒತ್ತಿದ ಆ ಗಳಿಗೆಯಲ್ಲೇ ಕಂಪ್ಯೂಟರ್ ಒಂದು ಸಂಖ್ಯೆ ಆರಿಸಿ ಫಲಿತಾಂಶ ತೀರ್ಮಾನಿಸಿರುತ್ತದೆ.

ಈಗ ನಾನು ಕಂಡದ್ದು. ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಬಿ.ಕಾಂ. ಮುಗಿಸಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗ. ಒಂದು ದಿನ ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರಿಂಟುಗಳನ್ನು ಹಿಡಿದುಕೊಂಡು ಬಂದ. "ಸರ್, ಇದ್ರಾಗ ಏನರ ಟ್ರಿಕ್ ಐತೇನ್ ನೋಡ್ರಿ. ಮೊದಲ ಬರ್ತಿತ್ತು, ಆಮ್ಯಾಲೆ ಬರೋದ ನಿಂತು" ಎಂದ. ಇನ್‌ಸ್ಟಾಗ್ರಾಂನಲ್ಲಿ ಅಚ್ಚ ಕನ್ನಡದ ರೀಲ್ ನೋಡಿ ಟೆಲಿಗ್ರಾಂ ಗುಂಪಿಗೆ ಸೇರಿದ್ದಾನೆ. ಅಲ್ಲೊಬ್ಬ ಏಜೆಂಟ್ ಐಡಿ ಕೊಟ್ಟಿದ್ದಾನೆ, ಆಪ್ ಸ್ಟೋರಿನ ಹಂಗಿಲ್ಲದೆ ಫೋನಿಗೆ ನೇರವಾಗಿ ಆ್ಯಪ್ ಹಾಕುವ ಎಪಿಕೆ ಫೈಲ್ ಕಳಿಸಿದ್ದಾನೆ. ಮೊದಲು ಸಣ್ಣ ಗೆಲುವು ಖಾತೆಗೆ ನಿಜವಾಗಿಯೂ ಬಂದಿದೆ. ದೊಡ್ಡ ಮೊತ್ತ ವಿತ್‌ಡ್ರಾ ಕೇಳಿದಾಗ ಮಾತ್ರ ಕೆವೈಸಿ ಆಗಿಲ್ಲ, ಬೋನಸ್ ಷರತ್ತು ಮುಗಿದಿಲ್ಲ, ಟ್ಯಾಕ್ಸ್ ಮೊದಲು ಕಟ್ಟು ಎಂದು ಕಾರಣಗಳು. ಅಷ್ಟರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಹೋಗಿತ್ತು. ಅದರಲ್ಲಿ ತಾಯಿಯ ಹೆಸರಲ್ಲಿ ಎತ್ತಿದ ಸಂಘದ ಸಾಲವಿತ್ತು, ಹೆಂಡತಿಯ ಬೋರಮಾಳ ಅಡವಿಟ್ಟ ದುಡ್ಡಿತ್ತು.

ಟ್ರಿಕ್ ಏನೆಂದು ಅವನಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ, ಏಕೆಂದರೆ ಠಾಣೆಯಲ್ಲಿ ದೂರು ಬರೆದುಕೊಳ್ಳುವವರಿಗೂ ಇದು ಗೊತ್ತಿರಬೇಕು. ಸ್ಲಾಟ್ ಆಟಕ್ಕೆ ಆರ್‌ಟಿಪಿ ಎಂಬ ಒಂದು ಅಂಕಿ ಇರುತ್ತದೆ. ಕಟ್ಟಿದ ಪಣದಲ್ಲಿ ಶೇಕಡ ಎಷ್ಟು ಆಟಗಾರರಿಗೆ ಮರಳುತ್ತದೆ ಎಂಬುದು ಅದರ ಅರ್ಥ. 96 ಎಂದು ಬರೆದಿರುತ್ತಾರೆ. ನೋಡಿದವನು 500 ರೂಪಾಯಿ ಹಾಕಿದರೆ 480 ಉಳಿದೇ ಉಳಿಯುತ್ತದೆ ಎಂದುಕೊಳ್ಳುತ್ತಾನೆ. ಹಾಗಲ್ಲ. ಆ ಶೇಕಡ 4 ಕಡಿತವಾಗುವುದು ಹಾಕಿದ ಹಣದ ಮೇಲಲ್ಲ, ಪ್ರತಿಯೊಂದು ಸ್ಪಿನ್ನಿನ ಮೇಲೆ. ಗೆದ್ದು ಬಂದ ಹಣವನ್ನೇ ಮತ್ತೆ ಕಟ್ಟುತ್ತಾನಲ್ಲ, ಅದರ ಮೇಲೂ. ಸ್ಪಿನ್ನಿಗೆ 10 ರೂಪಾಯಿ, ನಿಮಿಷಕ್ಕೆ 10 ಸ್ಪಿನ್ ಎಂದರೆ ಗಂಟೆಗೆ 6,000 ರೂಪಾಯಿ ಪಣ, ಅದರಲ್ಲಿ ಸರಾಸರಿ 240 ರೂಪಾಯಿ ಖೋತಾ. 500 ರೂಪಾಯಿ ಹಾಕಿದವನು ಮುಗಿಯುವವರೆಗೆ ಆಡಿದರೆ ಸರಾಸರಿ ಎರಡು ಗಂಟೆಯ ಆಟ. ಸರಾಸರಿ ಎಂದು ಒತ್ತಿ ಹೇಳುತ್ತೇನೆ: ಎಲ್ಲೋ ಒಬ್ಬನಿಗೆ ದೊಡ್ಡ ಗೆಲುವು ಬಿದ್ದು ಅವನು ರಾತ್ರಿಯಿಡೀ ಆಡುತ್ತಾನೆ, ಉಳಿದ ಬಹುಪಾಲು ಮಂದಿ ಎರಡು ಗಂಟೆಗೆ ಬಹಳ ಮುಂಚೆಯೇ ಬರಿಗೈ ಆಗಿರುತ್ತಾರೆ. ರೀಲಿನಲ್ಲಿ ಬರುವುದು ಆ ಒಬ್ಬನ ಮುಖ.

ಬೋನಸ್ ಕಥೆ ಇನ್ನೂ ಚೆನ್ನಾಗಿದೆ. ಸಾವಿರ ರೂಪಾಯಿ ಪುಕ್ಕಟೆ ಬೋನಸ್ ಕೊಡುತ್ತಾರೆ, ಆದರೆ ಅದರ ಮೂವತ್ತು ಪಟ್ಟು ಪಣ ಕಟ್ಟಿದ ಮೇಲೆಯೇ ಹಣ ತೆಗೆಯಬಹುದು. ಮೂವತ್ತು ಸಾವಿರದ ಪಣಕ್ಕೆ ಶೇಕಡ 4ರಂತೆ ಖೋತಾ 1,200. ಕೊಟ್ಟ ಸಾವಿರವೂ ಅವರಿಗೇ, ಮೇಲೆ ನಮ್ಮದು 200.

ಇದು ಆಟ ಪ್ರಾಮಾಣಿಕವಾಗಿದ್ದರೆ. ಎಷ್ಟೋ ಸ್ಲಾಟ್‌ಗಳು ಒಂದೇ ಚಿತ್ರ, ಒಂದೇ ಸದ್ದಿನಲ್ಲಿ ಬೇರೆಬೇರೆ ಆರ್‌ಟಿಪಿಯ ಆವೃತ್ತಿಗಳಾಗಿ ಬರುತ್ತವೆ, ಯಾವುದನ್ನು ಇಡಬೇಕೆಂಬುದನ್ನು ನಡೆಸುವವನು ಆರಿಸುತ್ತಾನೆ. ಲೈಸನ್ಸ್ ಇರುವ ದೇಶದಲ್ಲಿ ಅದನ್ನು ಪರೀಕ್ಷಿಸುವವರಿರುತ್ತಾರೆ. ಟೆಲಿಗ್ರಾಂನಲ್ಲಿ ಬಂದ ಎಪಿಕೆಯೊಳಗೆ ಇರುವುದು ಆ ಆಟದ ಅಸಲಿಯೋ ನಕಲಿಯೋ ಎಂಬುದೂ ಗೊತ್ತಾಗುವುದಿಲ್ಲ.

ಹಣಕ್ಕಿಂತ ನನಗೆ ಹೆಚ್ಚು ಸಿಟ್ಟು ಬಂದದ್ದು ಆಟದ ಕಟ್ಟೋಣ ನೋಡಿ. ಇಪ್ಪತ್ತು ಸಾಲುಗಳ ಮೇಲೆ ತಲಾ ಒಂದು ರೂಪಾಯಿ ಕಟ್ಟಿ, ಒಂದು ಸಾಲಿನಲ್ಲಿ ಆರು ರೂಪಾಯಿ ಬಂತೆನ್ನಿ. ಹದಿನಾಲ್ಕು ರೂಪಾಯಿ ಸೋತಂತಾಯಿತು. ಆದರೆ ಡೋಲು ಬಡಿಯುತ್ತದೆ, ಪಂಜು ಭುಗ್ಗೆನ್ನುತ್ತದೆ, ನಾಣ್ಯ ಉದುರುತ್ತವೆ. ಇಂಗ್ಲೆಂಡಿನಲ್ಲಿ ಜೂಜು ಕಾನೂನುಬದ್ಧ. ಅಂಥ ದೇಶದ ಜೂಜು ಆಯೋಗವೇ 2021ರ ಅಕ್ಟೋಬರ್ 31ರಿಂದ ಈ ಆಟಕ್ಕೆ ಕಡಿವಾಣ ಹಾಕಿತು: ಕಟ್ಟಿದ್ದಕ್ಕಿಂತ ಹೆಚ್ಚು ಬರದಿದ್ದರೆ ಸಂಭ್ರಮದ ಸದ್ದು ಮಾಡುವಂತಿಲ್ಲ, ತಾನೇ ತಿರುಗುತ್ತಾ ಹೋಗುವ ಆಟೊಪ್ಲೇ ಇರುವಂತಿಲ್ಲ, ಒಂದು ಸ್ಪಿನ್ನಿಗೆ ಕನಿಷ್ಠ ಎರಡೂವರೆ ಸೆಕೆಂಡ್ ಹಿಡಿಯಬೇಕು. 2025ರಲ್ಲಿ ಸ್ಪಿನ್ನಿಗೆ ಐದು ಪೌಂಡಿಗಿಂತ ಹೆಚ್ಚು ಕಟ್ಟುವಂತಿಲ್ಲ, 25 ತುಂಬದವರಾದರೆ ಎರಡೇ ಪೌಂಡ್ ಎಂಬ ಮಿತಿಯೂ ಬಂತು. ನನ್ನ ವಿದ್ಯಾರ್ಥಿಯ ಫೋನಿನಲ್ಲಿದ್ದ ಆಟದಲ್ಲಿ ಆಟೊಪ್ಲೇ ಇತ್ತು, ಟರ್ಬೊ ಎಂಬ ಬಟನ್ನೂ ಇತ್ತು, ಪಣಕ್ಕೆ ಅವನ ಖಾತೆಯ ತಳವೊಂದೇ ಮಿತಿ.

ನಮ್ಮಲ್ಲಿ ಪೂರ್ತಿ ನಿಷೇಧವೇ ಇರುವಾಗ ಈ ಮಿತಿಗಳ ಮಾತೇಕೆ ಎಂದು ತಾವು ಕೇಳಬಹುದು. ನಿಷೇಧ ನಮಗೆ ಹೊಸದಲ್ಲ. 2007ರಲ್ಲಿ ಲಾಟರಿ ನಿಲ್ಲಿಸಿದ ರಾಜ್ಯ ನಮ್ಮದು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಆಟಗಳನ್ನು ನಿಷೇಧಿಸಿದೆವು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದ ಕೋರ್ಟುಗಳಲ್ಲಿ ನಡೆದಿದೆ, ನಡೆಯಲಿ. ಸ್ಲಾಟ್‌ಗೆ ಆ ವಾದ ತಾಗುವುದಿಲ್ಲ. ಬಟನ್ ಒತ್ತುವುದರಲ್ಲಿ ಯಾವ ಕೌಶಲವನ್ನೂ ಯಾವ ವಕೀಲರೂ ತೋರಿಸಲಾರರು.

ಆ ಕೇಂದ್ರ ಕಾನೂನು ಯಾರನ್ನು ಹಿಡಿಯುತ್ತದೆ ನೋಡಿ. ಹಣದ ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಅದಕ್ಕೆ ಹಣ ಸಾಗಿಸಲು ದಾರಿ ಮಾಡಿಕೊಡುವವರಿಗೂ ಅಷ್ಟೇ. ಜಾಹೀರಾತು ಮಾಡುವವನಿಗೆ ಎರಡು ವರ್ಷ, 50 ಲಕ್ಷ. ಆಡಿದವನಿಗೆ? ಏನೂ ಇಲ್ಲ. ಆಟಗಾರರು ಸಂತ್ರಸ್ತರು, ಅವರಿಗೆ ಶಿಕ್ಷೆಯಿಲ್ಲ ಎಂದು ಕಾನೂನು ತರುವಾಗ ಕೇಂದ್ರ ಸರ್ಕಾರವೇ ಹೇಳಿತ್ತು.

ಇದನ್ನು ನಂಬಿಕೊಂಡು ಹುಡುಗನನ್ನು ಠಾಣೆಗೆ ಕರೆದುಕೊಂಡು ಹೋದೆ. ಯಾವ ಠಾಣೆ ಎಂದು ಬರೆಯುವುದಿಲ್ಲ. ಒಬ್ಬ ಸಿಬ್ಬಂದಿಯನ್ನು ಶಿಕ್ಷಿಸುವುದು ನನ್ನ ಉದ್ದೇಶವಲ್ಲ, ಇಂಥದೇ ಮಾತು ಬೇರೆ ಊರುಗಳ ಪೋಷಕರಿಂದಲೂ ಕೇಳಿದ್ದೇನೆ. "ನೀನಾ ಆಡಿ ನೀನಾ ಕಂಪ್ಲೇಂಟ್ ಕೊಡಾಕ ಬಂದೀಯೇನಪಾ? ಮೊದಲ ನಿನ್ ಮ್ಯಾಲೆ ಕೇಸ್ ಹಾಕಬೇಕಾಕ್ಕತಿ" ಎಂದರು. ನನ್ನ ಕಡೆ ತಿರುಗಿ, "ಸರ್, ನೀವು ಕಲಿಸೋರಾಗಿ ಇಂಥವ್ರನ್ನ ಕರ್ಕೊಂಡ್ ಬರ್ತೀರೇನ್ರಿ?" ಎಂದರು. ಅವರು ಕೆಟ್ಟವರಲ್ಲ, ಚಹಾ ತರಿಸಿಕೊಟ್ಟರು. ಅವರಿಗೆ ಗೊತ್ತಿರುವ ಜೂಜು ಮಟ್ಕಾ, ಓಸಿ, ಅಂದರ್ ಬಾಹರ್. ಬರೆದು ಬರೆದು ರೂಢಿಯಾದ ಕಲಂಗಳು ಪೊಲೀಸ್ ಕಾಯ್ದೆಯ 78(3) ಮತ್ತು 87. ಅಂದರ್ ಬಾಹರ್ ದಾಳಿಯಲ್ಲಿ ಸುತ್ತ ಕೂತವರನ್ನೆಲ್ಲ ಹಿಡಿದು, ಪಣಕ್ಕಿಟ್ಟ ಹಣ ಜಪ್ತಿ ಮಾಡಿದರೆ ಕೇಸು ಮುಗಿಯುತ್ತದೆ. ಇಲ್ಲಿ ಸುತ್ತ ಕೂತವರು ಯಾರೂ ಇಲ್ಲ, ಎದುರಿಗೆ ಬಂದು ನಿಂತವನೊಬ್ಬನೇ ಸಿಗುವವನು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿದೆವು. ಒಟಿಪಿ ಕದ್ದರೇ, ಲಿಂಕ್ ಒತ್ತಿದಿರೇ ಎಂದು ಕೇಳಿದರು. ಇಲ್ಲ, ತಾನೇ ಕಳಿಸಿದ್ದು ಎಂದ. ಆ ಉತ್ತರಕ್ಕೆ ಮಾತು ತಣ್ಣಗಾಯಿತು. ತಾನೇ ಕಳಿಸಿದ್ದು ನಿಜ, ಆದರೆ ಯಾರಿಗೆ ಕಳಿಸಿದ? ಅವನ ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ನೋಡಿದ್ದೇನೆ. ಅದರಲ್ಲಿ ಯಾವ ಗೇಮಿಂಗ್ ಕಂಪನಿಯ ಹೆಸರೂ ಇಲ್ಲ. ಟ್ರೇಡರ್ಸ್, ಎಂಟರ್‌ಪ್ರೈಸಸ್, ಹಣ್ಣಿನ ಅಂಗಡಿ, ಬರೀ ವ್ಯಕ್ತಿಗಳ ಹೆಸರುಗಳು. ವಾರಕ್ಕೊಂದು ಹೊಸ ಯುಪಿಐ ಐಡಿ. ಸರ್ವರ್ ಸಮುದ್ರದಾಚೆ ಇರಬಹುದು, ಹಣ ಮೊದಲು ಇಳಿದದ್ದು ಭಾರತದ ಬ್ಯಾಂಕ್ ಖಾತೆಗಳಿಗೆ. ಕಮಿಷನ್ ಆಸೆಗೆ ಖಾತೆ ಬಾಡಿಗೆಗೆ ಕೊಟ್ಟ ಯಾರೋ ಕೂಲಿಯವನದೋ ವಿದ್ಯಾರ್ಥಿಯದೋ ಇರಬೇಕು. ಪಿರಮಿಡ್ಡಿನ ಹಿಂದೆ ಇರುವವರನ್ನು ತಲುಪಲು ಇರುವ ದಾರಿ ಆ ಖಾತೆಗಳು. ಆ ದಾರಿಯ ನಕ್ಷೆ ಸೋತವನ ಕೈಯಲ್ಲಿದೆ. ಅವನನ್ನು ಬಾಗಿಲಲ್ಲೇ ಗದರಿಸಿ ಕಳಿಸಿದರೆ ತನಿಖೆ ಶುರುವಾಗುವುದಾದರೂ ಎಲ್ಲಿಂದ?

ಆದ್ದರಿಂದ ನನ್ನ ಕೋರಿಕೆ. ಆನ್‌ಲೈನ್ ಹಣದ ಆಟದಲ್ಲಿ ಕಳೆದುಕೊಂಡವನು ಬಂದರೆ ಅವನನ್ನು ದೂರುದಾರ ಎಂದೇ ಕಾಣಬೇಕು, ಆಡಿದ್ದಕ್ಕಾಗಿ ಅವನ ಮೇಲೆ ಪ್ರಕರಣದ ಬೆದರಿಕೆ ಹಾಕಬಾರದು ಎಂದು ರಾಜ್ಯದ ಎಲ್ಲ ಠಾಣೆಗಳಿಗೆ, ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಗಳಿಗಷ್ಟೇ ಅಲ್ಲ, ಕನ್ನಡದಲ್ಲಿ ಲಿಖಿತ ಸುತ್ತೋಲೆ ಹೊರಡಿಸಿ. ಅದರ ಸಾರವನ್ನು ಠಾಣೆಯ ನೋಟಿಸ್ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಹಾಕಿಸಿ, ಒಳಗೆ ಕಾಲಿಡುವ ಮುಂಚೆಯೇ ಅವನು ಓದುವಂತಿರಲಿ. ಹಣ ಇಳಿದ ಖಾತೆಗಳ ಪಟ್ಟಿಯನ್ನು ದೂರಿನ ಭಾಗವಾಗಿ ಕಡ್ಡಾಯವಾಗಿ ಪಡೆಯಬೇಕು. ಒಂದೇ ಖಾತೆ ಹಾವೇರಿಯ ದೂರಿನಲ್ಲೂ ಕಲಬುರಗಿಯ ದೂರಿನಲ್ಲೂ ಬಂದರೆ ತಾಳೆ ನೋಡುವ ವ್ಯವಸ್ಥೆ ಇರಬೇಕು. ತಾನೇ ಕಳಿಸಿದ ಹಣ ಎಂಬ ಒಂದೇ ಕಾರಣಕ್ಕೆ 1930ರ ಕರೆ ಅಲ್ಲಿಗೇ ನಿಲ್ಲಬಾರದು. ಕನ್ನಡದಲ್ಲಿ ರೀಲ್ ಮಾಡಿ ಇಂಥ ಆಟಕ್ಕೆ ಜನ ಕೂಡಿಸುವವರು ಕದ್ದುಮುಚ್ಚಿ ಮಾಡುತ್ತಿಲ್ಲ, ಮುಖ ತೋರಿಸಿಯೇ ಮಾಡುತ್ತಾರೆ. ಅವರನ್ನು ಹುಡುಕಲು ಆನ್‌ಲೈನ್ ಜೂಜಿಗೆ ಲೈಸನ್ಸ್ ಕೊಡುವ ಮಾಲ್ಟಾಕ್ಕೋ ಕುರಸಾವ್‌ಗೋ ಹೋಗಬೇಕಿಲ್ಲ. ಅವರಲ್ಲಿ ಹತ್ತು ಜನರ ಮೇಲಾದರೂ ಪ್ರಕರಣ ದಾಖಲಾದ ಸುದ್ದಿ ಬಂದರೆ, ನೂರು ಜಾಗೃತಿ ಶಿಬಿರಗಳು ಮಾಡದ ಕೆಲಸವನ್ನು ಅದು ಮಾಡುತ್ತದೆ.

ಇನ್ನೊಂದು, ಇದು ಸ್ವಲ್ಪ ತಮ್ಮ ಇಲಾಖೆಯ ಆಚೆಯದು. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ನಮ್ಮ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಿಂದ ಒಂದು ಕ್ಲಿನಿಕ್ ಇದೆ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಠಾಣೆಗೆ ಬರುವ ಹೊತ್ತಿಗೆ ಇಂಥವನು ಮನೆಯಲ್ಲಿ ಮುಖ ತೋರಿಸಲಾರದ ಸ್ಥಿತಿಗೆ ಬಂದಿರುತ್ತಾನೆ. ದೂರಿನ ಸ್ವೀಕೃತಿ ಚೀಟಿಯ ಮೇಲೆ ಆ ಐದು ಅಂಕಿಗಳನ್ನು ಮುದ್ರಿಸಲು ಹೆಚ್ಚು ಖರ್ಚಿಲ್ಲ.

ನನ್ನ ವಿದ್ಯಾರ್ಥಿಯ ಸ್ಟೇಟ್‌ಮೆಂಟ್, ಹಣ ಹೋದ ಖಾತೆಗಳ ಪಟ್ಟಿ, ಏಜೆಂಟ್ ಕಳಿಸಿದ ಸಂದೇಶಗಳು, ಎಪಿಕೆ ಫೈಲ್ ಎಲ್ಲವನ್ನೂ ದಿನಾಂಕವಾರು ಜೋಡಿಸಿ ಇಟ್ಟಿದ್ದೇವೆ. ಅವನ ಒಪ್ಪಿಗೆಯಿದೆ. ತಮ್ಮ ಇಲಾಖೆಯ ಯಾವ ಅಧಿಕಾರಿ ಕರೆದರೂ ಇಬ್ಬರೂ ಬಂದು ಹೇಳಿಕೆ ಕೊಡುತ್ತೇವೆ. ಸುತ್ತೋಲೆ ಹೊರಡುವವರೆಗೆ ಮಾತ್ರ ಅವನ ಹೆಸರನ್ನು ನಾನು ಬರೆಯಲಾರೆ.

ಇಂತಿ ತಮ್ಮ ವಿಶ್ವಾಸಿ,
ಸಂಖ್ಯಾಶಾಸ್ತ್ರ ಉಪನ್ಯಾಸಕ,
ಹಾವೇರಿ ಜಿಲ್ಲೆ